ಸರ್ವಮಂಗಳೆಯ ಪಾದ ನೋಡಿದ ದಿನಗಳು

ಪಾದ ನೋಡುವ ಕೆಲಸಕ್ಕೆ ಬರುವವರು ಮೊದಲು ನೆಲದ ಮೇಲೆ ಕೂರುವುದನ್ನು ಕಲಿಯಬೇಕು. ಕುರ್ಚಿಯಲ್ಲಿ ಕುಳಿತು ಬಗ್ಗಿ ನೋಡಿದರೆ ಕಾಣುವುದು ಪಾದದ ಮೇಲ್ಭಾಗ ಮಾತ್ರ. ಮೇಲ್ಭಾಗಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಆಗುವುದೆಲ್ಲ ಅಂಗಾಲಿನಲ್ಲಿ, ಹಿಮ್ಮಡಿಯಲ್ಲಿ, ಬೆರಳಿನ ಸಂದಿಯಲ್ಲಿ. ಆದ್ದರಿಂದ ನೆಲದ ಮೇಲೆ ಕುಳಿತು, ರೋಗಿಯನ್ನು ಮಣೆಯ ಮೇಲೆ ಕೂರಿಸಿ, ಅವರ ಕಾಲನ್ನು ನಿಮ್ಮ ಮಡಿಲಿಗೆ ತೆಗೆದುಕೊಳ್ಳಿ. ಇದಕ್ಕೆ ನಾಚುವವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಆರೈಕೆಗೆ ತರಬೇತಿ ಪಡೆಯುತ್ತಿರುವ ಕೆಲವು ಹುಡುಗಿಯರು ಈಚೆಗೆ ನನ್ನನ್ನು ನೋಡಲು ಬಂದಿದ್ದರು. ಈ ಮಕ್ಕಳ ಪಾದಗಳನ್ನು ನಿಮ್ಮ ಕಾಲದಲ್ಲಿ ಹೇಗೆ ನೋಡಿಕೊಳ್ಳುತ್ತಿದ್ದಿರಿ ಎಂದು ಕೇಳಿದರು. ನಮ್ಮ ಕಾಲದಲ್ಲಿ ಯಾರೂ ನೋಡಿಕೊಳ್ಳುತ್ತಿರಲಿಲ್ಲ ಎಂಬುದೇ ನಿಜವಾದ ಉತ್ತರ. ಆದರೂ ನನ್ನ ಪಾಲಿಗೆ ಅಂಥ ಒಂದು ಮಗು ಬಂದಿತ್ತು. ಅದು ಹೇಗೆ ಬಂತು, ಮುಂದೆ ಏನೇನಾಯಿತು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಕ್ರಮ ಇರುವುದು ನನ್ನ ಬರವಣಿಗೆಯಲ್ಲಿ ಮಾತ್ರ. ನಡೆದದ್ದರಲ್ಲಿ ಅದು ಕಡಿಮೆ.

ನಾನು ಕುಷ್ಠರೋಗ ನಿಯಂತ್ರಣ ಘಟಕದಲ್ಲಿ ಕೆಲಸ ಮಾಡಿದವನು. ಕಡೂರಿನಲ್ಲಿ ನಮ್ಮ ಕಚೇರಿ. ಅಜ್ಜಂಪುರದಿಂದ ತರೀಕೆರೆಯವರೆಗಿನ ಹಳ್ಳಿಗಳು ನನ್ನ ಸುತ್ತಾಟದ ಪ್ರದೇಶ. ಎಪ್ಪತ್ತರ ದಶಕದಲ್ಲಿ ಸೈಕಲ್ಲಿನ ಮೇಲೆ ಶುರುಮಾಡಿ ಎಂಬತ್ತರ ದಶಕವನ್ನೂ ಸೈಕಲ್ಲಿನ ಮೇಲೆಯೇ ಮುಗಿಸಿದೆ. ಹಳ್ಳಿಯವರು ನನ್ನನ್ನು ದೊಡ್ಡರೋಗದ ಮೇಷ್ಟ್ರು ಎನ್ನುತ್ತಿದ್ದರು. ಕುಷ್ಠ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನನ್ನ ತರಬೇತಿ ನಡೆದದ್ದು ಒಬ್ಬ ವಯಸ್ಸಾದ ಮೇಟ್ರನ್ ಕೈಕೆಳಗೆ. ಬೆಳಿಗ್ಗೆ ತಿಂಡಿಗೆ ಮೊದಲು ನಾವೆಲ್ಲ ಬೆಂಚಿನ ಮೇಲೆ ಸಾಲಾಗಿ ಕುಳಿತು ಕಾಲು ಚಾಚಬೇಕಿತ್ತು. ಆಕೆ ಒಂದೊಂದೇ ಪಾದ ಹಿಡಿದು ನೋಡುತ್ತಿದ್ದರು. ಉಗುರಿನಲ್ಲಿ ಮಣ್ಣಿದ್ದವನಿಗೆ ಉಪ್ಪಿಟ್ಟು ಇಲ್ಲ. ನೋಡು, ತೊಳೆ, ಒರೆಸು, ಎಣ್ಣೆ ಹಚ್ಚು, ಮತ್ತೆ ನೋಡು: ಇಷ್ಟೇ ಆಕೆಯ ಪಾಠ. ನೋಡುವುದು ಎರಡು ಸಲ ಬರುತ್ತದೆ ಎಂಬುದನ್ನು ಗಮನಿಸಿ. ಸ್ಪರ್ಶ ಗೊತ್ತಾಗದ ಪಾದಕ್ಕೆ ಕಣ್ಣೇ ಚರ್ಮ ಎಂದು ಆಕೆ ಹೇಳುತ್ತಿದ್ದರು. ಇದಕ್ಕಿಂತ ಹೆಚ್ಚಿನದನ್ನು ಮುಂದೆ ಯಾವ ಸಾಹೇಬರೂ ನನಗೆ ಕಲಿಸಲಿಲ್ಲ.

ಸಾಹೇಬರು ಕಲಿಸಿದ್ದು ಬೇರೆ. ನಮ್ಮ ಘಟಕದಲ್ಲಿ ಮೆತ್ತನೆಯ ಕಪ್ಪು ರಬ್ಬರಿನ ಚಪ್ಪಲಿ ಹೊಲಿಸಿ ರೋಗಿಗಳಿಗೆ ಕೊಡುತ್ತಿದ್ದೆವು. ಬೀರೂರಿನ ಕಡೆಯ ಒಬ್ಬ ರೋಗಿಗೆ ಒಂದೇ ಕಾಲಿತ್ತು. ಅವನಿಗೆ ಒಂದೇ ಚಪ್ಪಲಿ ಕೊಟ್ಟೆ. ತಪಾಸಣೆಗೆ ಬಂದ ಮೇಲಧಿಕಾರಿಗಳು, ಸರ್ಕಾರ ಕೊಡುವುದು ಜೊತೆ ಚಪ್ಪಲಿ, ಅರ್ಧ ಜೊತೆ ಕೊಡಲು ನೀನು ಯಾರು ಎಂದರು. ಇನ್ನೊಂದು ಕಾಲಿಲ್ಲ ಸಾರ್ ಎಂದೆ. ಅದು ಅವನ ವಿಚಾರ ಎಂದರು. ಮರುದಿನ ಇನ್ನೊಂದು ಚಪ್ಪಲಿ ಒಯ್ದು ಕೊಟ್ಟೆ. ಅವನು ಅದನ್ನು ಬಾಗಿಲು ಬಡಿದುಕೊಳ್ಳದಂತೆ ಸಂದಿಗೆ ಇಟ್ಟುಕೊಂಡ. ಮೆತ್ತಗಿದೆ, ಸದ್ದೇ ಇಲ್ಲ ಎಂದು ಬಹಳ ಹೊಗಳಿದ.

ಇನ್ನು ಮಗುವಿನ ವಿಷಯ.

ಒಂದು ದಿನ ನಮ್ಮ ಕಡೆಯ ವೈದ್ಯಾಧಿಕಾರಿಗಳು ಹೇಳಿಕಳಿಸಿದರು. ಹೋದೆ. ಅವರ ಮುಂದೆ ಒಬ್ಬ ರೈತ ನಿಂತಿದ್ದ. ಅಜ್ಜಂಪುರದ ಆಚೆ, ಬುಕ್ಕಾಂಬುಧಿ ದಾರಿಯ ಒಂದು ಹಳ್ಳಿಯವನು, ಹೆಸರು ಮರುಳಪ್ಪ, ಈರುಳ್ಳಿ ಬೆಳೆಯುವವನು. ಅವನ ಮಗಳಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಸೂಜಿ ಕೊಡಿಸಲು ಆಗಾಗ ರೈಲಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದರು. ಆ ಸೂಜಿಗಳಲ್ಲಿ ಒಂದು, ವಿನ್‌ಕ್ರಿಸ್ಟಿನ್ ಎಂಬುದು, ರೋಗವನ್ನು ತಗ್ಗಿಸುವುದರ ಜೊತೆಗೆ ಕಾಲಿನ ನರಗಳನ್ನೂ ಮಂದ ಮಾಡಿತ್ತು. ಪಾದಕ್ಕೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಮುಂಗಾಲು ಜೋತುಬಿದ್ದಿತ್ತು. ಊರಿನಲ್ಲಿ ಯಾರಾದರೂ ಈ ಮಗುವಿನ ಪಾದದ ಆರೈಕೆ ಮಾಡಬೇಕು ಎಂದು ಅಲ್ಲಿಯ ಡಾಕ್ಟರು ಬರೆದು ಕಳಿಸಿದ್ದರು.

"ಕ್ಯಾನ್ಸರ್ ನಮ್ಮ ಆಸ್ಪತ್ರೆಯ ಕೆಲಸ ಅಲ್ಲ" ಎಂದರು ವೈದ್ಯಾಧಿಕಾರಿಗಳು. "ಮಕ್ಕಳ ಕಾಯಿಲೆ ಅನ್ನೋಣ ಅಂದ್ರೆ ಇದು ಕಾಲು. ಕಾಲು ಮುರಿದಿಲ್ಲ, ಆದ್ದರಿಂದ ಮೂಳೆಯವರದಲ್ಲ. ಕಾಲು ಜೋಮು ಹಿಡಿದಿದೆ. ಜೋಮು ಅಂದ್ರೆ ನಿಮ್ಮ ಇಲಾಖೆ."

"ಸಾರ್, ಮಗೂಗೆ ಕುಷ್ಠ ಇಲ್ಲವಲ್ಲ."

"ನಾನೇನು ಇದೆ ಅಂದ್ನೇನ್ರೀ? ಕಾಲು ಮಾತ್ರ ನಿಮ್ಮದು. ಮಿಕ್ಕ ಮಗು ಬೆಂಗಳೂರಿನದು."

ಈ ವಿಂಗಡಣೆಯಲ್ಲಿ ನನಗೆ ತಪ್ಪು ಕಾಣಲಿಲ್ಲ. ಇವತ್ತೂ ಕಾಣುವುದಿಲ್ಲ. ಸುತ್ತಲ ತಾಲ್ಲೂಕುಗಳನ್ನೆಲ್ಲ ಹುಡುಕಿದರೆ ಜೋಮು ಹಿಡಿದ ಪಾದವನ್ನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದವರು ನಾವೇ.

ಬೆಂಗಳೂರಿನ ಡಾಕ್ಟರು ಬರೆದದ್ದನ್ನು ನಾನು ಎರಡು ಸಲ ಓದಿದೆ. ನಮ್ಮ ಪದ್ಧತಿಗೂ ಅದಕ್ಕೂ ವ್ಯತ್ಯಾಸವಿತ್ತು. ಕುಷ್ಠದ ಪಾದಕ್ಕೆ ದಪ್ಪ ಚರ್ಮ ಬೆಳೆದರೆ ನಾವು ನೆನೆಸಿ ಕಲ್ಲಿನಿಂದ ಉಜ್ಜಿ ತೆಗೆಯುತ್ತಿದ್ದೆವು. ಈ ಮಗುವಿಗೆ ಉಜ್ಜುವ ಹಾಗಿಲ್ಲ, ಕೆರೆಯುವ ಹಾಗಿಲ್ಲ. ಔಷಧದ ದೆಸೆಯಿಂದ ರಕ್ತದಲ್ಲಿ ಸೋಂಕಿನ ಜೊತೆ ಹೊಡೆದಾಡುವ ಶಕ್ತಿ ಇಳಿದಿರುತ್ತದೆ. ಬೇರೆ ಮಕ್ಕಳಲ್ಲಿ ಒಣಗಿ ಹೋಗುವ ತರಚು ಗಾಯ ಇಲ್ಲಿ ಕೀವು ತುಂಬಿ ಜ್ವರಕ್ಕೆ ತಿರುಗುತ್ತದೆ. ಜ್ವರ ಬಂದರೆ ಮುಂದಿನ ಸೂಜಿ ನಿಲ್ಲುತ್ತದೆ. ಸೂಜಿ ನಿಂತರೆ ರೋಗ ಮತ್ತೆ ತಲೆ ಎತ್ತುತ್ತದೆ. ಮಗು ಉಳಿಯುವುದು ಪಾದದ ಮೇಲಿನ ಒಂದು ಗೀರಿನ ಮೇಲೆ ನಿಂತಿರಬಹುದು ಎಂದು ನನಗೆ ಅರ್ಥವಾದದ್ದು ಹೀಗೆ.

ಮೊದಲ ದಿನ ನನ್ನ ಸೈಕಲ್ ಆ ಬೀದಿಗೆ ತಿರುಗಿದಾಗ ಎರಡು ಮನೆಗಳ ಬಾಗಿಲು ಮುಚ್ಚಿದವು. ಇದು ಮಾಮೂಲು. ನನ್ನ ಸೈಕಲ್ ಯಾವ ಮನೆಯ ಮುಂದೆ ನಿಂತರೂ ಆ ಮನೆಯ ಹೆಣ್ಣುಮಕ್ಕಳ ಮದುವೆ ಎರಡು ವರ್ಷ ಮುಂದಕ್ಕೆ ಹೋಗುತ್ತಿತ್ತು. ಮರುಳಪ್ಪನ ತಾಯಿ ಕೊಟ್ರಜ್ಜಿ ಹೊಸಿಲಿನಲ್ಲೇ ನನ್ನನ್ನು ತಡೆದರು. ಹಣೆಯ ತುಂಬ ವಿಭೂತಿ, ಎತ್ತರದ ಹೆಂಗಸು.

"ಮೇಷ್ಟ್ರೇ, ಸೈಕಲ್ ಹಿತ್ಲಾಗೆ ನಿಲ್ಸಿ ಬನ್ನಿ. ಮುಂದ್ಗಡೆ ಬಂದ್ರೆ ಊರು ಏನನ್ಕಂತದೆ?"

"ಹಿತ್ಲಿಂದ ಬಂದ್ರೆ ಇನ್ನೂ ಏನೇನೋ ಅನ್ಕಂತದೆ ಅಜ್ಜೀ" ಎಂದೆ.

ಅಜ್ಜಿ ಹೊಸಿಲು ಬಿಟ್ಟು ಸರಿದರು. "ಅದೂ ಹೌದು. ಬನ್ನಿ ಒಳಕ್ಕೆ."

ಮಗುವಿನ ಹೆಸರು ಸರ್ವಮಂಗಳ. ಮನೆಯಲ್ಲಿ ಮಂಗ್ಳಿ. ಎಂಟು ವರ್ಷವಿರಬಹುದು. ಔಷಧದಿಂದ ಕೂದಲೆಲ್ಲ ಉದುರಿ ತಲೆ ಬೋಳಾಗಿತ್ತು. ಯಾರೂ ಮುಟ್ಟಬಾರದೆಂದು ಅವಳ ತಟ್ಟೆ, ಲೋಟ, ಚಾಪೆ ಎಲ್ಲವನ್ನೂ ಬೇರೆ ಇಟ್ಟಿದ್ದರು. ಶಾಲೆ ಬಿಡಿಸಿದ್ದರು. ಅವಳು ನಡೆದು ತೋರಿಸಿದಳು. ಕೆಸರುಗದ್ದೆಯಲ್ಲಿ ಹೋಗುವವರ ಹಾಗೆ ಮೊಣಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಇಲ್ಲದಿದ್ದರೆ ಬೆರಳು ನೆಲಕ್ಕೆ ತಗುಲುತ್ತಿತ್ತು. ಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ಒದ್ದೆಯಾಗಿ ಬಿರಿದಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

"ನೋಯ್ತದಾ?" ಎಂದೆ.

"ಯಾವ್ದು?" ಎಂದಳು.

ಕೆಲಸ ಶುರುಮಾಡಿದೆ. ಮಣೆ ಹಾಕಿಸಿದೆ. ಮನೆಯಲ್ಲಿದ್ದ ಅಗಲವಾದ ಪಾತ್ರೆ ಎಂದರೆ ಹಿತ್ತಾಳೆಯ ಪರಾತ. ಅದರಲ್ಲಿ ಉಗುರುಬೆಚ್ಚನೆ ನೀರು. ಮಗುವನ್ನು ಕೇಳಿ ನೀರಿನ ಬಿಸಿ ನೋಡಬೇಡಿ, ತಾಯಿಯ ಮೊಣಕೈ ಅದ್ದಿಸಿ ನೋಡಿ. ಸಂದಿಯ ಹುಣ್ಣಿಗಾಗಿ ಎರಡು ಹರಳು ಪರ್ಮಾಂಗನೇಟ್ ಹಾಕಿದೆ. ನೀರು ತಿಳಿ ನೇರಳೆಯಾಯಿತು. ತೊಳೆದೆ, ಬಿಳಿಯ ಬಟ್ಟೆಯಿಂದ ಒಂದೊಂದು ಸಂದಿಯನ್ನೂ ಒತ್ತಿ ಒರೆಸಿದೆ. ಕೊಬ್ಬರಿ ಎಣ್ಣೆಯನ್ನು ಅಂಗಾಲಿಗೆ ಮಾತ್ರ ಹಚ್ಚಿದೆ, ಸಂದಿಗೆ ಹಚ್ಚಲಿಲ್ಲ. ಉಗುರನ್ನು ನೇರವಾಗಿ ಕತ್ತರಿಸಿದೆ, ಮೂಲೆ ಒಳಕ್ಕೆ ಕತ್ತರಿಸಲಿಲ್ಲ. ಇದನ್ನೆಲ್ಲ ದಿನವೂ ಮಾಡಬೇಕು ಎಂದು ಅವಳ ತಾಯಿ ಹಾಲಮ್ಮನಿಗೆ ಹೇಳಿಕೊಟ್ಟೆ. ವಾರಕ್ಕೊಮ್ಮೆ ನಾನೇ ಬಂದು ನೋಡುತ್ತೇನೆ ಎಂದೆ. ಮನೆಯೊಳಗೂ ಬರಿಗಾಲಿನಲ್ಲಿ ನಡೆಯುವ ಹಾಗಿಲ್ಲ ಎಂದೆ.

ಈ ಕೊನೆಯ ಮಾತಿಗೆ ಕೊಟ್ರಜ್ಜಿ ಎದ್ದು ನಿಂತರು. "ಲಿಂಗಪೂಜೆ ಆಗೋ ಮನೇಲಿ ಕೆರ ಮೆಟ್ಕಂಡು ಓಡಾಡೋದಾ?"

"ಹೊರಗಿನ ನೆಲ ಮುಟ್ಟದ ಹೊಸ ಚಪ್ಪಲಿ ತರ್ತೀನಿ ಅಜ್ಜಿ. ಅದು ಮನೆಯೊಳಗಿನದೇ ಆಗಿರ್ತದೆ."

"ಕರೀ ರಬ್ಬರ್ ತಾನೇ? ಆ ಚಪ್ಲಿ ಕಂಡ್ರೆ ಗೊತ್ತಾಗಲ್ವಾ ಜನಕ್ಕೆ, ದೊಡ್ಡರೋಗದವ್ರದ್ದು ಅಂತ?"

ಈ ಮಾತಿನಲ್ಲಿ ಸತ್ಯವಿತ್ತು. ನಮ್ಮ ಚಪ್ಪಲಿ ಹಾಕಿಕೊಂಡವರನ್ನು ಬಸ್ಸಿನಲ್ಲಿ ಗುರುತು ಹಿಡಿದು ಇಳಿಸುತ್ತಿದ್ದರು. ಮಕ್ಕಳ ಅಳತೆಯ ಚಪ್ಪಲಿಯಂತೂ ನಮ್ಮಲ್ಲಿ ಇರಲೇ ಇಲ್ಲ. ಘಟಕದ ಚಮ್ಮಾರರು ದೊಡ್ಡವರ ಚಪ್ಪಲಿಯನ್ನು ಕತ್ತರಿಸಿ ಚಿಕ್ಕದು ಮಾಡಿಕೊಟ್ಟರು. ಮುಂಗಾಲು ಜೋಲದಂತೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಚಪ್ಪಲಿಯ ಮೂತಿಗೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೊಣಕಾಲಿನ ಕೆಳಗಿನ ಪಟ್ಟಿಗೆ ಎಳೆದು ಹಾಕಿದೆ. ಕಾಲು ನೆಟ್ಟಗೆ ನಿಂತಿತು. ಕಪ್ಪು ಬಣ್ಣದ ತೊಂದರೆಯನ್ನು ಕೊಟ್ರಜ್ಜಿ ಬಗೆಹರಿಸಿದರು. ಪೆಟ್ಟಿಗೆಯಲ್ಲಿದ್ದ ಕಾವಿ ಬಟ್ಟೆಯ ತುಂಡನ್ನು ತೆಗೆದು ಚಪ್ಪಲಿ, ಪಟ್ಟಿ ಎಲ್ಲಕ್ಕೂ ಸುತ್ತಿ ಹೊಲಿದರು. ಬಹಳ ನೀಟಾದ ಕೆಲಸ.

ಮುಂದಿನ ವಾರ ನಾನು ಪಾದ ತೊಳೆಯುತ್ತಿದ್ದಾಗ ಪಕ್ಕದ ಮನೆಯ ಪುಟ್ಟೀರಮ್ಮ ಮೊಸರಿನ ಹೆಪ್ಪು ಕೇಳುವ ನೆಪದಲ್ಲಿ ಒಳಗೆ ಬಂದಳು. ಅವಳ ಕಣ್ಣಿಗೆ ಬಿದ್ದದ್ದು ಹೀಗಿದೆ: ಮಣೆಯ ಮೇಲೆ ಬೋಳುತಲೆಯ ಮಗು. ಪಕ್ಕದಲ್ಲಿ ಕಾವಿ ಸುತ್ತಿದ ಪಾದುಕೆ. ಹಿತ್ತಾಳೆ ಪರಾತದಲ್ಲಿ ಬಣ್ಣದ ನೀರು. ಬಿಳಿ ಅಂಗಿ ತೊಟ್ಟ ಸರ್ಕಾರಿ ಮನುಷ್ಯ ನೆಲದ ಮೇಲೆ ಕುಳಿತು ಮಗುವಿನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದಾನೆ.

"ಏನ್ ನಡೀತೈತೆ ಕೊಟ್ರಮ್ಮಾ?"

ಕೊಟ್ರಜ್ಜಿಯ ಮುಂದೆ ಎರಡು ದಾರಿ ಇದ್ದವು. ದೊಡ್ಡರೋಗದ ಮೇಷ್ಟ್ರು ಕಾಲು ನೋಡುತ್ತಿದ್ದಾರೆ ಎನ್ನುವ ಹಾಗಿರಲಿಲ್ಲ. ಕ್ಯಾನ್ಸರ್ ಎಂದರೆ ಅದು ಗಾಳಿಯಲ್ಲಿ ಅಂಟುತ್ತದೆಂದು ಜನ ಇವರನ್ನು ಬಾವಿಗೆ ಸೇರಿಸುವುದನ್ನೂ ನಿಲ್ಲಿಸುತ್ತಿದ್ದರು. ಅಜ್ಜಿ ಮೂರನೆಯ ದಾರಿ ಹಿಡಿದರು.

"ಕಣ್ ಕಾಣಲ್ವೇನೇ? ಪಾದಪೂಜೆ."

"ಹೆಣ್ ಮಗೂಗಾ?"

"ಯಾಕೆ, ಶರಣೇರು ಇರ್ಲಿಲ್ವೇನೇ?"

ಪುಟ್ಟೀರಮ್ಮ ಹೆಪ್ಪು ಮರೆತು ಹೋದಳು. ನಾನು ಅಜ್ಜಿಯ ಮುಖ ನೋಡಿದೆ. "ನೀವು ಒರೆಸಿ ಮೇಷ್ಟ್ರೇ, ನೀರು ಆರ್ತೈತೆ" ಎಂದರು.

ಮುಂದಿನ ವಾರ ಬೀದಿಯಲ್ಲಿ ಒಂದು ಬಾಗಿಲೂ ಮುಚ್ಚಲಿಲ್ಲ. ಅದರಿಂದಲೇ ನನಗೆ ದಿಗಿಲಾಯಿತು. ಮರುಳಪ್ಪನ ಜಗಲಿಯ ತುಂಬ ಜನ. ತೆಂಗಿನಕಾಯಿ, ವೀಳ್ಯದೆಲೆ, ಊದುಬತ್ತಿ. ನನ್ನ ಸೈಕಲ್ಲನ್ನು ಒಬ್ಬರು ಹಿಡಿದುಕೊಂಡು ಗೋಡೆಗೆ ಒರಗಿಸಿದರು. ನನ್ನ ವೃತ್ತಿಯಲ್ಲಿ ಹೀಗಾದದ್ದು ಅದೇ ಮೊದಲು. ಒಳಗೆ ಮಂಗ್ಳಿ ಮಣೆಯ ಮೇಲೆ ಕುಳಿತಿದ್ದಳು. ಒಬ್ಬೊಬ್ಬರೇ ಹೋಗಿ ಅವಳ ಪಾದಕ್ಕೆ ಹಣೆ ಮುಟ್ಟಿಸಿ ಬರುತ್ತಿದ್ದರು. ಒಬ್ಬನಿಗೆ ನೆಗಡಿಯಾಗಿತ್ತು.

ನಾನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಸುರಿಯಲು ಹೋದೆ. ರುದ್ರಪ್ಪನೆಂಬ ಊರಿನ ದೊಡ್ಡ ಕುಳ ಅಡ್ಡ ಬಂದ. ಅವನಿಗೆ ಹೊಟ್ಟೆಯುಬ್ಬರದ ತೊಂದರೆ.

"ಒಂದ್ ಗುಟುಕು ಕೊಡಿ ಮೇಷ್ಟ್ರೇ."

"ಇದು ಔಷಧದ ನೀರು ರುದ್ರಪ್ನೋರೇ. ಬಾವಿಗೆ ಹಾಕೋ ಪುಡಿ. ಕುಡಿಯೋ ಹಾಗಿಲ್ಲ."

"ಔಷಧ ಅಂತ ತಾನೇ ಕೇಳ್ತಿರೋದು?"

ನಾನು ಬೇಡವೆನ್ನುತ್ತಿರುವಾಗಲೇ ಅಂಗೈ ಅದ್ದಿ ಕುಡಿದುಬಿಟ್ಟ. ನಾಲಗೆ ಕಂದು ಬಣ್ಣಕ್ಕೆ ತಿರುಗಿತು. ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದ. ಸಂಜೆಗೆ ಹೊಟ್ಟೆ ಹಗುರಾಯಿತಂತೆ. ಅವತ್ತಿನಿಂದ ನೀರಿಗೆ ಪರ್ಮಾಂಗನೇಟ್ ಹಾಕುವುದನ್ನು ನಾನು ನಿಲ್ಲಿಸಿದೆ. ನೀರಿನ ಬಣ್ಣ ಹೋದದ್ದಕ್ಕೆ ಊರಿನವರು ಬೇಸರಪಟ್ಟುಕೊಂಡರು. ಯಾರೋ ಮೈಲಿಗೆಯಲ್ಲಿ ಬಂದಿರಬೇಕು ಎಂದು ತನಿಖೆಯೂ ನಡೆಯಿತು.

ನಾನು ವೈದ್ಯಾಧಿಕಾರಿಗಳಿಗೆ ಎಲ್ಲವನ್ನೂ ವರದಿ ಮಾಡಿದೆ. ಅವರು ಕನ್ನಡಕ ತೆಗೆದಿಟ್ಟರು.

"ಜನ ಬರೋದು ಕಾಲು ನೋಡಕ್ಕಾ, ಪೂಜೆಗಾ?"

"ಪೂಜೆಗೆ ಸಾರ್."

"ಹಾಗಾದ್ರೆ ಅದು ಧಾರ್ಮಿಕ ವಿಷಯ. ಮುಜರಾಯಿಯವ್ರನ್ನ ಕೇಳಿ."

ಅದರ ಮುಂದಿನ ವಾರ ನಾನು ಹೆದರಿದ್ದೇ ಆಯಿತು. ಎಡಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಒಂದು ಗೀರು. ಯಾರದೋ ಬಳೆಯೋ ಉಗುರೋ ತಗುಲಿದ್ದು. ಸುತ್ತ ಕೆಂಪಗೆ ಊದಿಕೊಂಡು ಬಿಸಿಯಾಗಿತ್ತು. ಮಂಗ್ಳಿಗೆ ಏನೂ ಗೊತ್ತಾಗಿರಲಿಲ್ಲ. ಹಾಲಮ್ಮ ದಿನವೂ ನೋಡುತ್ತಿದ್ದಳು, ಆದರೆ ಎರಡು ದಿನದಿಂದ ಭಕ್ತರ ಗದ್ದಲದಲ್ಲಿ ಪಾದ ಅವಳ ಕೈಗೇ ಸಿಕ್ಕಿರಲಿಲ್ಲ. ಬೆಂಗಳೂರಿನ ಸೂಜಿಗೆ ಹೊರಡುವ ದಿನ ಹತ್ತಿರವಿತ್ತು.

ಮರುಳಪ್ಪನನ್ನು ಹಿತ್ತಲಿಗೆ ಕರೆದೆ. "ನಿಜ ಹೇಳಿಬಿಡಪ್ಪ. ಜನ ನಿಲ್ತಾರೆ."

ಅವನು ತಲೆ ಬಗ್ಗಿಸಿದ. "ಜನ ನಿಲ್ತಾರೆ ಮೇಷ್ಟ್ರೇ. ಆದ್ರೆ ಮತ್ತೆ ಯಾವತ್ತೂ ಬರಲ್ಲ. ನಾಳೆ ಅವ್ಳು ಬದುಕ್ಕಂಡ್ರೆ ಶಾಲೇಲಿ ಅವ್ಳ ಪಕ್ಕ ಯಾರ್ ಕೂತ್ಕಂತಾರೆ?"

ಬದುಕಿಕೊಂಡರೆ ಎಂಬ ಪದ ಅವನ ಬಾಯಿಂದ ಬಂದದ್ದು ಅದೊಂದೇ ಸಲ. ನಾನು ಮತ್ತೆ ಒತ್ತಾಯಿಸಲಿಲ್ಲ. ಒಳಗೆ ಬಂದು ಮಂಗ್ಳಿಯ ಮುಂದೆ ಕುಳಿತೆ.

"ನೋಡಮ್ಮ, ಇವ್ರು ಯಾರೂ ನನ್ನ ಮಾತು ಕೇಳಲ್ಲ, ನಿಮ್ಮಪ್ಪನ ಮಾತೂ ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾರೆ. ನಿನ್ನ ಕಾಲು ಯಾರೂ ಮುಟ್ಟಬಾರದು. ಮುಟ್ಟಿದ್ರೆ ಜ್ವರ ಬರ್ತದೆ, ರೈಲು ತಪ್ತದೆ."

"ಏನ್ ಹೇಳ್ಲಿ?"

"ಏನಾದ್ರೂ ಹೇಳು. ಗಟ್ಟಿಯಾಗಿ ಹೇಳು."

ಹಲವು ತಿಂಗಳುಗಳಿಂದ ದೊಡ್ಡವರೆಲ್ಲ ಅವಳಿಗೆ ಚುಚ್ಚುವುದು, ಕುಡಿಸುವುದು, ಮಲಗಿಸುವುದು ಮಾಡಿದ್ದರು. ಈಗ ಅವಳಿಗೆ ಒಂದು ಅವಕಾಶ ಸಿಕ್ಕಿತ್ತು. ಬಾಗಿಲು ತೆಗೆಸಿದಳು. ಮೊದಲು ನಿಂತಿದ್ದವನು ರುದ್ರಪ್ಪ.

"ಹೊಸಿಲು ದಾಟ್ಬೇಡ. ನನ್ನನ್ನ ಮುಟ್ಬೇಡ. ಅಲ್ಲೇ ಕೂತ್ಕಂಡು ನಿನ್ ಕಾಲು ತೋರ್ಸು."

ರುದ್ರಪ್ಪ ಸುತ್ತ ನೋಡಿದ. "ನಂದಾ?"

"ಮತ್ತೆ ನಂದಾ? ಸೋಪ್ ಹಾಕಿ ತೊಳ್ಕಂಡ್ ಬಂದು ತೋರ್ಸು."

ರುದ್ರಪ್ಪನ ಹಿಮ್ಮಡಿ ಬೇಸಿಗೆಯ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಮಂಗ್ಳಿ ಮಣೆಯ ಮೇಲಿಂದಲೇ ಬಗ್ಗಿ ನೋಡಿದಳು. "ಥೂ. ಎಣ್ಣೆ ಹಚ್ಚಲ್ವಾ? ಸಂದಿ ಒರ್ಸಲ್ವಾ? ನಾಳೆಯಿಂದ ದಿನಾ ಹಚ್ಬೇಕು. ಮುಂದಿನ ವಾರ ಬಂದು ತೋರ್ಸು. ನೆಕ್ಸ್ಟ್."

ನೆಕ್ಸ್ಟ್ ಎಂಬುದನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಕಲಿತಿದ್ದಳು.

ಹೀಗೆ ಶುರುವಾಯಿತು. ಅಪ್ಪಣೆಯಾಗಿದೆ ಎಂದು ಊರಿಗೆ ಊರೇ ಕಾಲು ತೊಳೆದುಕೊಂಡು ಬಂದು ಜಗಲಿಯಲ್ಲಿ ಸಾಲಾಗಿ ಕಾಲು ಚಾಚಿ ಕುಳಿತಿತು. ನಾನು ಜಗಲಿಯಲ್ಲಿ ಒಂದೊಂದೇ ಪಾದ ನೋಡುತ್ತ ಹೋದೆ. ಒಳಗಿನಿಂದ ಮಂಗ್ಳಿ ಬೈಯುತ್ತ ಹೋದಳು. ನನ್ನನ್ನು ಕಂಡರೆ ಬಾಗಿಲು ಮುಚ್ಚುತ್ತಿದ್ದ ಬೀದಿ ಅದು. ಅಲ್ಲಿಯ ಯಾವ ಪಾದವನ್ನೂ ನಾನು ಅದುವರೆಗೆ ಕಂಡಿರಲಿಲ್ಲ. ಆ ಸಾಲಿನಲ್ಲೇ ಪುಟ್ಟೀರಮ್ಮನ ಪಾದವೂ ಬಂತು. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಒಳಗೇ ಕುಳಿತಿತ್ತು, ಅವಳಿಗೆ ತಿಳಿದಿರಲಿಲ್ಲ. ಮೀನಖಂಡದ ಮೇಲೆ ಸ್ಪರ್ಶವಿಲ್ಲದ ಮಚ್ಚೆ. ಅದು ನಿಜವಾಗಿಯೂ ನನ್ನ ಇಲಾಖೆಯ ಕಾಯಿಲೆ. ಯಾರಿಗೂ ಗೊತ್ತಾಗದಂತೆ ಮಾತ್ರೆ ಕೊಡಲು ಶುರುಮಾಡಿದೆ. ಪ್ರಸಾದ ಎಂದು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಪ್ರಸಾದವಲ್ಲ, ಪೂರ್ತಿ ನುಂಗಲೇಬೇಕು ಎಂದು ಪ್ರತಿ ಸಲವೂ ಹೇಳಿದೆ. ಅವಳು ಪೂರ್ತಿ ನುಂಗಿದಳು, ವಾಸಿಯಾಯಿತು.

ಆದರೆ ಎಲ್ಲರೂ ಅಪ್ಪಣೆ ಪಾಲಿಸಲಿಲ್ಲ. ಬೇರೆ ಊರಿನಿಂದ ಬಂದವರು ಹೊಸಿಲು ದಾಟಿ ಪಾದಕ್ಕೆ ಬೀಳಲು ನುಗ್ಗುತ್ತಿದ್ದರು. ಹಿಮ್ಮಡಿಯ ಕೆಂಪು ಇನ್ನೂ ಇಳಿದಿರಲಿಲ್ಲ. ಹೀಗಿರುವಾಗ ಸುದ್ದಿ ಮಠ ಮುಟ್ಟಿತು. ಮಠದ ಹಿರಿಯ ಅಯ್ಯನವರು ತಾವೇ ವಿಚಾರಿಸಲು ಬರುತ್ತಾರೆ ಎಂದು ಹೇಳಿಕಳಿಸಿದರು. ಕೊಟ್ರಜ್ಜಿ ಆ ದಿನದಿಂದ ಊಟ ಬಿಟ್ಟರು. ಸುಳ್ಳು ಹೇಳಿದ್ದಕ್ಕೆ ಮನೆತನಕ್ಕೇ ಬಹಿಷ್ಕಾರ ಬರುತ್ತದೆ ಎಂದು ಕುಳಿತುಬಿಟ್ಟರು.

ಅಯ್ಯನವರು ಬಂದರು. ವಯಸ್ಸಾದವರು, ಸಣ್ಣಗೆ ಕುಂಟುತ್ತಿದ್ದರು. ಹೊಸಿಲಿನ ಆಚೆ ನಿಂತು ಮಂಗ್ಳಿಯ ಬೋಳುತಲೆ ನೋಡಿದರು, ಕಾವಿ ಸುತ್ತಿದ ಚಪ್ಪಲಿ ನೋಡಿದರು, ಟ್ಯೂಬಿನ ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು.

ಮಂಗ್ಳಿಗೆ ಯಾರಾದರೂ ಒಂದೇ. "ಕಾಲ್ ತೋರ್ಸಿ" ಎಂದಳು. ಇವರಿಗೆ ಮಾತ್ರ ಬಹುವಚನ ಕೊಟ್ಟಳು.

ಕೊಟ್ರಜ್ಜಿ ಕಂಬ ಹಿಡಿದುಕೊಂಡರು. ಅಯ್ಯನವರು ಜಗಲಿಯ ಮೇಲೆ ಕುಳಿತು, ಪಾದುಕೆ ಬಿಟ್ಟು, ಬಲಗಾಲು ಚಾಚಿದರು. ನಾನು ನೆಲದ ಮೇಲೆ ಕುಳಿತು ಮಡಿಲಿಗೆ ತೆಗೆದುಕೊಂಡೆ. ಅಂಗಾಲಿನ ನಡುವೆ ದೊಡ್ಡ ಆಣಿ. ಮರದ ಪಾದುಕೆಯ ಮೇಲೆ ಅದನ್ನು ಇಟ್ಟುಕೊಂಡು ನಡೆಯುವುದು ಎಂದರೆ ಮೊಳೆಯ ಮೇಲೆ ನಡೆದ ಹಾಗೆ.

"ಎಷ್ಟು ದಿನದಿಂದ ಇದೆ ಅಯ್ನೋರೇ?"

"ದಿನ ಅಲ್ಲಪ್ಪ, ವರ್ಷಗಳಿಂದ. ಇಷ್ಟು ಜನ ನನ್ನ ಪಾದ ತೊಳೀತಾರೆ. ಒಬ್ರೂ ನೋಡಲ್ಲ."

ನೀರಿನಲ್ಲಿ ನೆನೆಸಿ, ದಿನವೂ ಸ್ವಲ್ಪಸ್ವಲ್ಪ ಸವರಿ ತೆಗೆಯುವ ಬಗೆಯನ್ನು ಹೇಳಿಕೊಟ್ಟೆ. ನಮ್ಮ ಕಪ್ಪು ರಬ್ಬರಿನ ಒಂದು ತುಂಡನ್ನು ಪಾದುಕೆಗೆ ಅಂಟಿಸಿಕೊಡುತ್ತೇನೆ ಎಂದೆ. ಒಪ್ಪಿಕೊಂಡರು. ಆಮೇಲೆ ಎದ್ದು ನಿಂತು ಜನರ ಕಡೆ ತಿರುಗಿದರು.

"ಈ ಮಗು ಏನು ಹೇಳಿತೋ ಅದನ್ನ ಕೇಳಿ. ಇದನ್ನ ಮುಟ್ಟಬೇಡಿ. ಹೊಸಿಲು ದಾಟಬೇಡಿ. ನಿಮ್ಮನಿಮ್ಮ ಮನೇಲಿ ಒಬ್ಬರ ಕಾಲು ಒಬ್ಬರು ನೋಡಿ. ಅಷ್ಟು ಸಾಕು, ನನಗೆ ಮುಟ್ಟುತ್ತೆ."

ಕೊಟ್ರಜ್ಜಿಯ ಪಕ್ಕದಲ್ಲಿ ಹಾದುಹೋಗುವಾಗ ಅವರ ಬಾಡಿದ ಮುಖ ನೋಡಿ ಮೆಲ್ಲಗೆ, "ಊಟ ಮಾಡಮ್ಮ" ಎಂದರು.

ಅಂದಿನಿಂದ ಹೊಸಿಲನ್ನು ಯಾರೂ ದಾಟಲಿಲ್ಲ. ಹಿಮ್ಮಡಿಯ ಕೆಂಪು ಇಳಿಯಿತು, ಗೀರು ಒಣಗಿತು, ಜ್ವರ ಬರಲಿಲ್ಲ. ಮರುಳಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಜ್ಜಂಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿದ. ಸೂಜಿ ತಪ್ಪಲಿಲ್ಲ. ಅದಾದ ಮೇಲಿನ ಸೂಜಿಗಳೂ ತಪ್ಪಲಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಪಾದದ ಕೆಲಸ ಮುಗಿಯಿತು ಎಂದು ತಿಳಿಯಬೇಡಿ. ಹೊಸಬರು ಮಾಡುವ ತಪ್ಪು ಇದು. ಔಷಧ ನಿಂತರೂ ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಕೆಲವರಲ್ಲಿ ಪೂರ್ತಿ ಆಗುವುದೇ ಇಲ್ಲ. ಹತ್ತಿಯ ಎಳೆ ಮುಟ್ಟಿಸಿ ಪರೀಕ್ಷಿಸುವಾಗ ಮಗುವಿನ ಕಣ್ಣು ಮುಚ್ಚಿಸಿ. ಮಕ್ಕಳು ನಿಮ್ಮನ್ನು ಸಂತೋಷಪಡಿಸಲು ಹೌದು ಎನ್ನುತ್ತಾರೆ. ಮಂಗ್ಳಿ ನಾನು ಮುಟ್ಟದಿದ್ದಾಗಲೂ "ಹ್ಞೂಂ, ಗೊತ್ತಾಯ್ತು, ಹೆಬ್ಬೆಟ್ಟು" ಎನ್ನುತ್ತಿದ್ದಳು. ನಾನು ಇಲ್ಲ ಎಂದು ಬರೆದುಕೊಳ್ಳುತ್ತಿದ್ದೆ. ಪ್ರತಿ ತಿಂಗಳೂ ಅದೇ. ಹಾಲಮ್ಮ ನನ್ನ ಮುಖ ನೋಡುತ್ತಿದ್ದಳು, ನಾನು ಎಣ್ಣೆಯ ಬಟ್ಟಲು ನೋಡುತ್ತಿದ್ದೆ.

ಈ ನಡುವೆ ಅವಳ ತಲೆಯಲ್ಲಿ ಕೂದಲು ಬಂತು. ಗುಂಗುರು ಗುಂಗುರಾಗಿ, ಮೊದಲಿಗಿಂತ ದಟ್ಟವಾಗಿ. ಕೂದಲು ಬೆಳೆದಂತೆ ಭಕ್ತರು ಕಡಿಮೆಯಾದರು. ದೇವರು ಜಡೆ ಹಾಕಿಕೊಂಡು ಕುಂಟಾಬಿಲ್ಲೆ ಆಡುವುದಕ್ಕೆ ಹಟ ಮಾಡುತ್ತದೆ ಎಂದರೆ ಯಾರಿಗೆ ಭಕ್ತಿ ಬರುತ್ತದೆ? ರುದ್ರಪ್ಪ ಮಾತ್ರ ಬಿಡದೆ ಬಂದು ಹಿಮ್ಮಡಿ ತೋರಿಸಿ ಹೋಗುತ್ತಿದ್ದ. ಅವಳ ಪಾದ ಈಗ ತಾನಾಗಿ ಸ್ವಲ್ಪ ಮೇಲೇಳುತ್ತಿತ್ತು. ಟ್ಯೂಬಿನ ಪಟ್ಟಿಯನ್ನು ಸಡಿಲ ಮಾಡಿದ್ದೆ. ಸ್ಪರ್ಶ ಮಾತ್ರ ಬಂದಿರಲಿಲ್ಲ. ಸ್ಪರ್ಶವಿಲ್ಲದ ಪಾದವನ್ನು ಶಾಲೆಗೆ ಹೇಗೆ ಕಳಿಸುವುದು? ಜಾಲಿಮುಳ್ಳಿನ ದಾರಿ, ಕಾದ ಎರೆಮಣ್ಣು. ಮರುಳಪ್ಪ ಅವಳನ್ನು ಹೊತ್ತುಕೊಂಡೇ ಹೋಗಿ ಬರುವ ಯೋಚನೆಯಲ್ಲಿದ್ದ.

ಒಂದು ಮಧ್ಯಾಹ್ನ ಪರೀಕ್ಷೆ ಮುಗಿಸಿ, ಇಲ್ಲ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಮಂಗ್ಳಿ ಮಣೆಯ ಮೇಲೆ ಕಾಲು ಚಾಚಿಕೊಂಡು ಜಡೆ ಬಿಚ್ಚಿ ಕಟ್ಟುತ್ತಿದ್ದಳು. ಇದ್ದಕ್ಕಿದ್ದಂತೆ ಕಿರುಚಿ ಎಡಗಾಲನ್ನು ಎಳೆದುಕೊಂಡಳು. ಕಿರುಬೆರಳಿನ ಪಕ್ಕದ ಬೆರಳನ್ನು ಒಂದು ಕೆಂಪಿರುವೆ ಕಚ್ಚಿ ಹಿಡಿದಿತ್ತು.

ನಾನು ಅದನ್ನು ಕೀಳಲಿಲ್ಲ. "ಕಣ್ಣು ಮುಚ್ಚು. ಎಲ್ಲಿ?" ಎಂದೆ.

"ಕೀಳಿ ಮೇಷ್ಟ್ರೇ."

"ಕಣ್ಣು ಮುಚ್ಚಿ ಹೇಳು. ಯಾವ ಬೆರಳು?"

ಕಣ್ಣು ಮುಚ್ಚಿಕೊಂಡು, ಅಳುತ್ತ, ಬೈಯುತ್ತ, ಕೈ ಚಾಚಿ ಸರಿಯಾಗಿ ಅದೇ ಬೆರಳನ್ನು ಮುಟ್ಟಿದಳು. ಹಾಲಮ್ಮ ಓಡಿಬಂದು ಆ ಬೆರಳನ್ನೇ ಬಗ್ಗಿ ನೋಡಿದಳು. ಮರುಳಪ್ಪ ಗೋಡೆಯ ಕಡೆ ತಿರುಗಿಕೊಂಡ. ಆಮೇಲೆ ಎಲ್ಲರಿಗೂ ಒಟ್ಟಿಗೇ ನಗು ಬಂತು.

"ನಂಗೆ ನೋಯ್ತೈತೆ, ನೀವೆಲ್ಲ ನಗ್ತೀರಾ?" ಎಂದಳು ಮಂಗ್ಳಿ. ಅವಳ ಕೋಪ ನ್ಯಾಯವಾದದ್ದು.

ಇರುವೆಯನ್ನು ಕಿತ್ತೆ. ಆದರೆ ಪರೀಕ್ಷೆ ಎಂದ ಮೇಲೆ ಎರಡೂ ಪಾದಗಳಿಗೆ ಆಗಬೇಕು. ಬಲಗಾಲಿಗೂ ಒಂದು ಇರುವೆ ಸಿಕ್ಕರೆ ಒಳ್ಳೆಯದಿತ್ತು ಎಂದೆ. ಮಂಗ್ಳಿ ಎರಡೂ ಕಾಲನ್ನು ಲಂಗದೊಳಕ್ಕೆ ಎಳೆದುಕೊಂಡಳು. ಕೊಟ್ರಜ್ಜಿ ಆಗಲೇ ಬೆಲ್ಲ ತರಲು ಅಡುಗೆಮನೆಗೆ ಹೋಗಿದ್ದರು.